ತಟ್ಟೆ ಕೈಲಿದ್ದಾಗ ಎಬ್ಬಿಸಿ ಕಳಿಸಿದ್ರು

ಏರ್‌ಪೋರ್ಟ್ ಲೌಂಜಿಗೆ, ಅಂದ್ರೆ ಕಾರ್ಡ್ ಇದ್ದೋರು ಕೂತು ತಿಂದು ಸುಧಾರಿಸ್ಕೊಳ್ಳೋ ಕೋಣೆಗೆ, ಬಿಡೋ ಮುಂಚೆ ಕಾರ್ಡ್ ಉಜ್ಜೋ ಆ ಮೆಷಿನ್ ಏನು ಹೇಳುತ್ತೆ ಅಂತ ನೋಡಕ್ಕೆ ಎಷ್ಟೊತ್ತು ಬೇಕಿತ್ತು? ಅರ್ಧ ನಿಮಿಷ? ಆ ಅರ್ಧ ನಿಮಿಷ ಅಮ್ಮನ್ನ ಬಾಗಿಲಲ್ಲೇ ನಿಲ್ಲಿಸಿದ್ರೆ ನಾನು ಒಂದು ಮಾತೂ ಆಡ್ತಿರಲಿಲ್ಲ. ಕಾರ್ಡ್ ನಡೀಲಿಲ್ಲ, ಸರಿ, ಬಾರಮ್ಮ ಅಂತ ಕರ್ಕೊಂಡು ಹೋಗ್ತಿದ್ದೆ. ಲೌಂಜ್ ಇಲ್ದಿದ್ರೆ ಯಾರೂ ಸಾಯಲ್ಲ.

"ಮೇಡಂ, ಹೋಗಿ ಕೂತ್ಕೊಳ್ಳಿ" ಅಂತ ಕೈ ತೋರಿಸಿದ್ದು ಕೌಂಟರಲ್ಲಿದ್ದ ಆ ಹುಡುಗೀನೇ. ನಾವಾಗಿ ನುಗ್ಗಿದ್ದಲ್ಲ. ಅಮ್ಮನ ಮಂಡಿ ಆಗಲೇ ಊದಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗ, ಅಲ್ಲಿಂದ ರಾತ್ರಿ ಬಸ್ಸು, ಮೆಜೆಸ್ಟಿಕ್ಕಿಂದ ದೇವನಹಳ್ಳಿ ಏರ್‌ಪೋರ್ಟಿಗೆ ವಾಯು ವಜ್ರ ಬಸ್ಸು. (ಶಿವಮೊಗ್ಗದ ಏರ್‌ಪೋರ್ಟಿಗೆ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇ ಹಾಕಿದ್ದಾರೆ, ಕುವೆಂಪು ಹೆಸರೂ ಇಟ್ಟಿದ್ದಾರೆ. ಹೊರದೇಶಕ್ಕೆ ಹೋಗೋರು ಮಾತ್ರ ಇನ್ನೂ ಮುನ್ನೂರು ಕಿಲೋಮೀಟರ್ ದೂರ ಹೋಗಿಯೇ ಹತ್ತಬೇಕು. ಅದು ಬೇರೆ ಕಥೆ, ಇನ್ನೊಂದು ದಿನ ಬೈತೀನಿ.) ಆಮೇಲೆ ಗಲ್ಫ್‌ವರೆಗೆ ನಾಲ್ಕು ತಾಸು ಎಕಾನಮಿ. ಒಂದು ಸೀಟಿಂದ ಇನ್ನೊಂದು ಸೀಟಿಗೆ 31 ಇಂಚು. ಮುಂದಿನವನು ಸೀಟು ಹಿಂದಕ್ಕೆ ಬಾಗಿಸಿದ್ರೆ ಊದಿದ ಮಂಡಿ ಎಲ್ಲಿಡೋದು?

ಗಲ್ಫಲ್ಲಿ ಇಳಿದಾಗ ಬೇಕು ಅಂತ ವೀಲ್‌ಚೇರ್ ಹೇಳಿಟ್ಟಿದ್ದೆ. ಅದನ್ನ ತಳ್ಕೊಂಡು ಬಂದೋನು ಸೆಕ್ಯುರಿಟಿ ದಾಟಿಸಿ ಒಂದು ಬೆಂಚಿನ ಹತ್ರ ಇಳಿಸಿ, ಗೇಟ್ ನಂಬರ್ ಬಂದ್ಮೇಲೆ ಬರ್ತೀನಿ ಅಂತ ಕುರ್ಚಿ ಸಮೇತ ಹೋದ. ಮುಂದಿನ ವಿಮಾನಕ್ಕೆ ಇನ್ನೂ ಐದಾರು ತಾಸು. ಅದು ಹತ್ತಿದ್ಮೇಲೆ ಮತ್ತೆ ಹದಿನಾಲ್ಕು ತಾಸು ಅದೇ 31 ಇಂಚು. ಅಕ್ಕನ ಬಾಣಂತನಕ್ಕೆ ಹೊರಟವಳು ಅಮ್ಮ, ಅಲ್ಲಿ ಇಳಿದ ದಿನದಿಂದ ನಿಂತೇ ಇರಬೇಕು. ಸ್ವಲ್ಪ ಕಾಲು ಚಾಚಿ ಒರಗಲಿ ಅಂತ ಕರ್ಕೊಂಡು ಹೋಗಿದ್ದು. ತಿನ್ನೋ ಆಸೆಗಲ್ಲ. ಚೀಲದ ತುಂಬ ಅವಳೇ ಮಾಡಿದ ಚಕ್ಲಿ, ಒಗ್ಗರಣೆ ಅವಲಕ್ಕಿ ಇತ್ತು.

ನಾನು ಕೌಂಟರಲ್ಲೇ ನಿಂತಿದ್ದೆ. ಅಮ್ಮ ಎರಡು ತುಂಡು ಬ್ರೆಡ್ಡು, ನಾಲ್ಕು ಹೋಳು ಕಲ್ಲಂಗಡಿ ಹಾಕ್ಕೊಂಡಿದ್ಲು. ಯಾವುದರಲ್ಲಿ ಮಾಂಸ ಇದೆಯೋ ಗೊತ್ತಾಗಲ್ಲ ಅಂತ ಬೇರೆ ಏನೂ ಮುಟ್ಟಿರಲಿಲ್ಲ. ಒಂದು ಕಪ್ ಟೀ ತಗೊಂಡು ಸೋಫಾದಲ್ಲಿ ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದ್ಲು. ಅಷ್ಟೊತ್ತಿಗೆ ಮೆಷಿನ್ ಕೆಂಪು ತೋರಿಸ್ತು. ಹುಡುಗಿ ಮತ್ತೊಂದು ಸಲ ಉಜ್ಜಿದ್ಲು, ಮತ್ತೆ ಕೆಂಪು. ನನಗೊಂದು ಮಾತು ಹೇಳಬಹುದಿತ್ತು. ನಾನೇ ಹೋಗಿ ನಿಧಾನಕ್ಕೆ ಎಬ್ಬಿಸ್ಕೊಂಡು ಬರ್ತಿದ್ದೆ. ಅವಳು ಒಳಗಿದ್ದ ಇನ್ನೊಬ್ಬನ್ನ ಕರೆದು ಬೆರಳು ತೋರಿಸಿದ್ಲು. "ಆ ಹೆಂಗಸು."

ಅವನು ಸೀದಾ ಹೋಗಿ ಅಮ್ಮನ ಮುಂದೆ ನಿಂತ. ಇಂಗ್ಲಿಷಲ್ಲಿ ಏನೋ ಅಂದ. ಅಮ್ಮ ನಕ್ಕಳು, ಬೇಕಾದ್ದು ಕೇಳ್ತಿದ್ದಾನೆ ಅಂದ್ಕೊಂಡು ಸಾಕು ಸಾಕು ಅಂತ ಕೈ ಅಲ್ಲಾಡಿಸಿದ್ಲು. ಆಮೇಲೆ ಹಿಂದಿಯಲ್ಲಿ, ಜೋರಾಗಿ, ಏಳಿ, ನಿಮ್ಮ ಎಂಟ್ರಿ ಆಗಿಲ್ಲ, ಹೊರಗೆ ಹೋಗಿ. ಪಕ್ಕದ ಸೋಫಾದಲ್ಲಿದ್ದೋರು ಲ್ಯಾಪ್‌ಟಾಪಿಂದ ತಲೆ ಎತ್ತಿ ನೋಡಿದ್ರು. ನಾನು ಓಡಿ ಹೋಗೋ ಅಷ್ಟ್ರಲ್ಲಿ ಅಮ್ಮ ಎದ್ದು ನಿಂತಾಗಿತ್ತು, ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ತಟ್ಟೇನ ಅವನ ಕಡೆ ಹಿಡಿದು ಕನ್ನಡದಲ್ಲೇ ಹೇಳ್ತಿದ್ಲು, "ತಿಂದಿಲ್ಲ ನೋಡಪ್ಪ, ಹಂಗೇ ಇದೆ, ಬಾಯಿಗಿಟ್ಟಿಲ್ಲ."

ಬಾಯಿಗಿಟ್ಟಿಲ್ಲ ಅಂತ ಸಾಬೀತು ಮಾಡ್ತಿದ್ಲು ನಮ್ಮಮ್ಮ! ಅಡಿಕೆ ಕೊಯ್ಲಲ್ಲಿ ಜಗುಲಿಗೆ ಯಾರು ಬಂದ್ರೂ ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಯಾವೂರು ಅಂತ ಕೇಳೋಳು. ನಮ್ಮ ಕಡೆ ಕೋರ್ಟು ಮೆಟ್ಟಿಲು ಹತ್ತಿದ ದಾಯಾದೀನೂ ಎಲೆ ಮುಂದಿಂದ ಎಬ್ಬಿಸಲ್ಲ.

ದುಡ್ಡು ಕೊಡ್ತೀನಿ ಅಂದೆ. ಒಬ್ಬರಿಗೆ ಮೂವತ್ತು ಚಿಲ್ರೆ ಡಾಲರ್ ಅಂತ ಬೋರ್ಡೇ ಇತ್ತು, ತಗೊಳ್ಳಿ, ಅವಳು ಕೂತಲ್ಲೇ ಇರಲಿ ಅಂದೆ. ಈಗ ರಶ್ಶು, ದುಡ್ಡು ಕೊಟ್ಟು ಬರೋರನ್ನ ವಿಮಾನಕ್ಕೆ ಮೂರು ತಾಸು ಇರೋವಾಗ ಮಾತ್ರ ಬಿಡೋದಂತೆ. ಹಂಗಾರೆ ಮೊದಲೇ ಯಾಕೆ ಬಿಟ್ರಿ ಅಂದ್ರೆ ಉತ್ತರ ಇಲ್ಲ. ಸಾರಿ ಸರ್, ಸಾರಿ ಸರ್. ನನಗೆ ಸಾರಿ. ಅಮ್ಮನಿಗೆ ಯಾರೂ ಹೇಳಲಿಲ್ಲ.

ಆ ಹುಡುಗೀನ ಬೈದು ಏನು ಪ್ರಯೋಜನ, ಅವಳೂ ಯಾವ ಊರು ಬಿಟ್ಟು ಬಂದಿದ್ದಾಳೋ. ಬಿಡಿ. ಇಲ್ಲ, ಬೆರಳು ತೋರಿಸಿದ್ದನ್ನ ಬಿಡಕ್ಕಾಗಲ್ಲ.

ಇನ್ನು ಬ್ಯಾಂಕು. ಶಿವಮೊಗ್ಗದ ನೆಹರೂ ರೋಡಲ್ಲಿ ಮೇಜು ಹಾಕ್ಕೊಂಡು, ಲೌಂಜ್ ಫ್ರೀ ಸರ್, ಜೊತೆಗೆ ಬಂದೋರಿಗೂ ಫ್ರೀ ಅಂತ ತಲೆಗೆ ಕಟ್ಟಿದ ಕಾರ್ಡು. ಇಲ್ಲಿಂದ ರೋಮಿಂಗಲ್ಲಿ ಫೋನ್ ಮಾಡಿ ಹಾಡು ಕೇಳಿ ಕೇಳಿ ಕೊನೆಗೆ ಒಬ್ಬ ಸಿಕ್ಕ. ಹಿಂದಿನ ಕ್ವಾರ್ಟರಲ್ಲಿ, ಅಂದ್ರೆ ಹಿಂದಿನ ಮೂರು ತಿಂಗಳ ಕಂತಲ್ಲಿ, ಇಂತಿಷ್ಟು ಖರ್ಚು ಮಾಡಿದ್ರೆ ಮಾತ್ರ ಈ ಕ್ವಾರ್ಟರಲ್ಲಿ ಲೌಂಜಂತೆ. ರೀ, ಈ ಎರಡು ಟಿಕೆಟ್ ತಗೊಂಡಿದ್ದೇ ನಿಮ್ಮ ಕಾರ್ಡಲ್ಲಿ! ಅದು ಅದರ ಹಿಂದಿನ ಕ್ವಾರ್ಟರ್ ಸರ್, ಲೆಕ್ಕಕ್ಕೆ ಬರಲ್ಲ. ಅಗ್ಗಕ್ಕೆ ಸಿಗಲಿ ಅಂತ ಮುಂಚೆ ತಗೊಂಡಿದ್ದಕ್ಕೆ ಲೆಕ್ಕಕ್ಕಿಲ್ಲ. ಅಡಿಕೆ ಮಾರಿದಾಗ ದುಡ್ಡು ಕಾಣೋ ಮನೆ ನಮ್ಮದು. ಅಡಿಕೆ ಮಂಡಿಯಿಂದ ದುಡ್ಡು ಬಂದಾಗ ಸಾಲ ತೀರಿಸಿ, ಗೊಬ್ಬರ ಔಷಧಿ ತಂದು, ಉಳಿದಿದ್ದನ್ನ ಮಳೆಗಾಲ ದಾಟೋವರೆಗೆ ಹಿಡಿದು ಹಿಡಿದು ಖರ್ಚು ಮಾಡೋದು. ಮೂರು ತಿಂಗಳಿಗೊಂದು ಸಲ ಖರ್ಚು ತೋರಿಸು ಅಂದ್ರೆ ಮಲೆನಾಡಲ್ಲಿ ಯಾರು ತೋರಿಸ್ತಾರೆ?

ಕಾರ್ಡಿನ ಶುಲ್ಕ ಬದಲಾಯಿಸಬೇಕಾದ್ರೆ ಕನಿಷ್ಠ ಒಂದು ತಿಂಗಳು ಮುಂಚೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕೊಟ್ಟ ಸೌಲಭ್ಯ ಕಿತ್ಕೊಂಡ್ರೆ? ಬ್ಯಾಂಕಿಗೆ ದೂರು ಬರೆದು 30 ದಿನ ಕಾದು, ಅವರು ಉತ್ತರ ಕೊಡದಿದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅಂತ ಗ್ರಾಹಕರ ದೂರು ಕೇಳೋ ಅಧಿಕಾರಿ ಹತ್ರ ಹೋಗಬಹುದು, ಗೊತ್ತು. ಹೋಗಿ ಏನಂತ ಬರೀಲಿ? ಅಮ್ಮನ ಟೀ ಆರಿ ಹೋಯ್ತು ಅಂತ ಬರೀಲಾ? ಯಾರ್ರೀ ಓದ್ತಾರೆ. ಆದ್ರೂ ಬರೀತೀನಿ.

ಅಮ್ಮ ಈಗ ಬೆಂಚಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಳೆ. ಬಿಡೋ ಮಾರಾಯ, ಎಂತಕ್ಕೆ ಹೊಟ್ಟೆ ಉರ್ಕೊಳ್ತೀಯ ಅಂತಾಳೆ. ಅವಲಕ್ಕಿ ಕೊಟ್ರೆ ಬೇಡ. ಕುಡಿಯೋ ನೀರಿನ ನಲ್ಲಿ ಹತ್ರ ಕರ್ಕೊಂಡು ಹೋದ್ರೆ ಬಾಟ್ಲಿ ಹಿಡಿಯೋ ಮುಂಚೆ ನನ್ನ ಮುಖ ನೋಡಿ ಕೇಳಿದ್ಲು, "ಇದಕ್ಕೂ ಕಾರ್ಡ್ ಬೇಕಾ?"

ಬ್ಯಾಂಕಲ್ಲಿ ಕಾರ್ಡ್ ವಿಭಾಗದಲ್ಲಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಹೇಳಿ. ನಾನು ಈಗಷ್ಟೇ ಮತ್ತೆ ನೋಡಿದೆ, ನಿಮ್ಮ ಆ್ಯಪಲ್ಲಿ ಈ ಕ್ಷಣಕ್ಕೂ "ಲೌಂಜ್ ಉಚಿತ, ಅತಿಥಿಗೂ ಉಚಿತ" ಅಂತಲೇ ಇದೆ. ಖರ್ಚಿನ ಮಾತು ಎಲ್ಲೂ ಇಲ್ಲ. ಅದನ್ನ ಇನ್ನೂ ಯಾಕೆ ತೆಗೆದಿಲ್ಲ? ಮುಂದೆ ಇನ್ನೂ ಎಷ್ಟು ಜನರ ಅಮ್ಮಂದಿರನ್ನ ಹೀಗೆ ಎಬ್ಬಿಸಬೇಕು ಅಂತಿದ್ದೀರಿ?