ಸತ್ಯಾಂಶ: ಕ್ಯಾಂಪರ್ ಫ್ರಿಜ್‌ಗೆ ವ್ಯಾನಿನ ಬ್ಯಾಟರಿಯೇ ಸಾಕೇ?

ಸರಕು ವ್ಯಾನನ್ನು ಕ್ಯಾಂಪರ್ (ಒಳಗೇ ಉಳಿದು ಪ್ರವಾಸ ಮಾಡುವ ವಾಹನ) ಮಾಡಿಕೊಳ್ಳುವವರಿಗೆ ವಾಟ್ಸಾಪ್‌ನಲ್ಲಿ ಬರುವ ಸಲಹೆ: ‘ಫ್ರಿಜ್ಜನ್ನು ವ್ಯಾನಿನ ಬ್ಯಾಟರಿಗೇ ಜೋಡಿಸಿ, ಓಡಿಸುವಾಗ ಹೇಗೂ ಚಾರ್ಜ್ ಆಗುತ್ತೆ.’ ಓಡಿಸುವಾಗ ಸರಿ, ರಾತ್ರಿ ನಿಲ್ಲಿಸಿದಾಗ?

45 ವ್ಯಾಟ್‌ನ 12 ವೋಲ್ಟ್ ಫ್ರಿಜ್ ಸುಮಾರು 4 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೂ 20 ಆಂಪಿಯರ್-ಅವರ್ (ಆಂಪಿಯರ್ × ಗಂಟೆ) ಖರ್ಚು. ವ್ಯಾನಿನದು 35 ಆಂಪಿಯರ್-ಅವರ್‌ನ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆದರೆ ಅದೃಷ್ಟ. ಪದೇ ಪದೇ ಹೀಗಾದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯೇ ಕೆಡುತ್ತದೆ.

ಫ್ರಿಜ್‌ಗೆ ಪ್ರತ್ಯೇಕವಾಗಿ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಡಿ. ಅದನ್ನು ಆಲ್ಟರ್ನೇಟರಿಗೆ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ನೇರ ಜೋಡಿಸಬೇಡಿ: ಅದು ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ವಿಪರೀತ ಬಿಸಿಯಾಗುತ್ತದೆ, ನಿಂತಲ್ಲೇ ಎಂಜಿನ್ ಓಡುವಾಗಂತೂ (ಐಡ್ಲಿಂಗ್) ಇನ್ನೂ ಹೆಚ್ಚು. ನಡುವೆ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಕರೆಂಟನ್ನು ಮಿತಿಯಲ್ಲಿಟ್ಟು ಎರಡನೇ ಬ್ಯಾಟರಿಯನ್ನು ಚಾರ್ಜ್ ಮಾಡುವ ಸಾಧನ), 10 ಚದರ ಮಿ.ಮೀ. ತಾಮ್ರದ ವೈರ್ ಇರಲಿ. ಒಂದೇ ಫ್ಯೂಸ್ ಹಾಕಿ ಬಿಡುವವರೇ ಹೆಚ್ಚು; ಎರಡೂ ಬ್ಯಾಟರಿಗಳ ಪ್ಲಸ್ ಪಕ್ಕದಲ್ಲೇ 40 ಆಂಪಿಯರ್‌ನದು ಒಂದೊಂದು ಬೇಕು.