ಹೆಲ್ಮೆಟ್ ಹಾಕಿದ ಲೆನನ್: ಒಂದು ಸ್ಪಷ್ಟನೆ

‘ರೋಲಿಂಗ್ ಸ್ಟೋನ್ ಪತ್ರಿಕೆಯ ಮೊದಲ ಮುಖಪುಟ, ಜಾನ್ ಲೆನನ್ ಸೈನ್ಯದಲ್ಲಿದ್ದಾಗಿನ ಫೋಟೊ’ ಅನ್ನೋ ಮೆಸೇಜ್ ಓಡಾಡುತ್ತಿದೆ (ರೋಲಿಂಗ್ ಸ್ಟೋನ್ ಅಮೆರಿಕದ ಸಂಗೀತ ಪತ್ರಿಕೆ, ಲೆನನ್ ಬೀಟಲ್ಸ್ ತಂಡದ ಗಾಯಕ). ನಾನೂ ಸುಮ್ನೆ ಫಾರ್ವರ್ಡ್ ಮಾಡಿಬಿಟ್ಟಿದ್ದೆ. ಅದು ಅರ್ಧ ಮಾತ್ರ ಸರಿ.

1967ರ ನವೆಂಬರ್ 9ರ ಮೊದಲ ಸಂಚಿಕೆಯ ಮುಖಪುಟ ಅದೇ. ಆದರೆ ಲೆನನ್ ಯಾವತ್ತೂ ಸೈನ್ಯದಲ್ಲಿರಲಿಲ್ಲ. ಅದು ಅದೇ ವರ್ಷ ಬಂದ, ರಿಚರ್ಡ್ ಲೆಸ್ಟರ್ ನಿರ್ದೇಶನದ ‘ಹೌ ಐ ವನ್ ದ ವಾರ್’ ಸಿನಿಮಾದ ಸ್ಟಿಲ್. ಅದರಲ್ಲಿ ಅವರದು ಗ್ರಿಪ್‌ವೀಡ್ ಅನ್ನೋ ಸಿಪಾಯಿಯ ಪಾತ್ರ.

ತಲೆ ಮೇಲೆ ಬಲೆ ಹೊದಿಸಿದ ಹೆಲ್ಮೆಟ್, ಕೆಳಗೆ ಆ ದುಂಡು ಕನ್ನಡಕ. ಗೊತ್ತಿರೋ ಮುಖ, ಗೊತ್ತಿಲ್ಲದ ವೇಷ. ಕಣ್ಣು ನಿಲ್ಲೋದೇ ಅಲ್ಲಿ, ಅಲ್ವಾ? ಸುತ್ತ ಮಾತ್ರ ದಿನಪತ್ರಿಕೆಯ ಹಾಗೆ ಸುದ್ದಿಯ ಕಾಲಮ್ಮುಗಳು.

ದಯವಿಟ್ಟು ಹಳೇ ಮೆಸೇಜ್ ಇನ್ನು ಮುಂದೆ ಕಳಿಸಬೇಡಿ. ನನ್ನಿಂದ ಹೋಗಿದ್ದರೆ ಅಳಿಸಿಬಿಡಿ.