ಒಂಬತ್ತು ಪೌಂಡ್ ಹದಿನೈದು ಪೆನ್ಸಿನ ಅಂಗಿ

ಇವತ್ತು ಜೂನ್ 8. ನಮ್ಮ ಗಡಿಯಾರದಲ್ಲಿ ಹನ್ನೆರಡೂವರೆ ಅಂದರೆ ಚೀನಾದಲ್ಲಿ ಮಧ್ಯಾಹ್ನ ಮೂರು ಗಂಟೆ. ಸರಿಯಾಗಿ ಈ ಹೊತ್ತಿಗೆ ಅಲ್ಲಿ ಗಾವ್‌ಕಾವ್‌ನ ಇಂಗ್ಲಿಷ್ ಪೇಪರ್ ಶುರುವಾಗುತ್ತದೆ. ನಮ್ಮ ಸೆಕೆಂಡ್ ಪಿಯುಸಿ, ಸಿಇಟಿ ಎರಡನ್ನೂ ಒಂದೇ ಒರಳಿಗೆ ಹಾಕಿ ಕುಟ್ಟಿದರೆ ಏನು ಬರುತ್ತದೋ ಅದು ಗಾವ್‌ಕಾವ್. 2024ರಲ್ಲಿ ಅದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಮಂದಿ. ಒಟ್ಟು 750 ಅಂಕ. ಅದರಲ್ಲಿ ಇಂಗ್ಲಿಷಿಗೆ 150. ಅವರ ಚೀನಿ ಭಾಷೆಗೂ ಅಷ್ಟೇ, ಗಣಿತಕ್ಕೂ ಅಷ್ಟೇ.

ನಾನು ಐದು ವರ್ಷ ಸುಝೌನಲ್ಲಿದ್ದೆ. ಯಜಮಾನರಿಗೆ ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆಯೇ ಒಂದು ಹೈಸ್ಕೂಲು, ಅದೇ ಪರೀಕ್ಷಾ ಕೇಂದ್ರ. ಜೂನ್ 8ರ ಮಧ್ಯಾಹ್ನ ಆ ಬೀದಿ ನೋಡಬೇಕಿತ್ತು. ಹಾರ್ನ್ ಇಲ್ಲ, ಕಟ್ಟಡದ ಕೆಲಸ ಬಂದ್, ಪೊಲೀಸರು ಸ್ಕೂಟರುಗಳನ್ನು ಬೇರೆ ರಸ್ತೆಗೆ ತಿರುಗಿಸುತ್ತಿದ್ದರು. ಗೇಟಿನ ಹೊರಗೆ ಕೆಂಪು ಚಿಪಾವ್ ಉಟ್ಟ ತಾಯಂದಿರ ಸಾಲು. ಆ ಉಡುಪಿನ ಹೆಸರಿನಲ್ಲಿರುವ ‘ಚಿ’ ಅಂದರೆ ಬಾವುಟ, ಬಾವುಟ ಬಿಚ್ಚಿದ ಕೂಡಲೇ ಗೆಲುವು ಅಂತ ಅವರಲ್ಲಿ ಒಂದು ಮಾತಿದೆ, ಅದಕ್ಕೇ ಅದನ್ನು ಉಟ್ಟು ಬರುತ್ತಾರೆ. ನಾವು ಪರೀಕ್ಷೆ ದಿನ ಮೊಸರು ಸಕ್ಕರೆ ತಿನ್ನಿಸಿ ಕಳಿಸುವುದಿಲ್ಲವಾ, ಹಾಗೆ.

ಇಷ್ಟೆಲ್ಲ ನಿಶ್ಶಬ್ದ ಯಾಕೆ ಅಂದರೆ ಮೊದಲ ಇಪ್ಪತ್ತು ನಿಮಿಷ ಕೇಳುವ ಪರೀಕ್ಷೆ. ಸ್ಪೀಕರಿನಲ್ಲಿ ಸಂಭಾಷಣೆ ಬರುತ್ತದೆ, ಮಕ್ಕಳು ಉತ್ತರ ಗುರುತಿಸಬೇಕು. 20 ಪ್ರಶ್ನೆ, ಒಂದಕ್ಕೆ ಒಂದೂವರೆ ಅಂಕ, ಒಟ್ಟು 30. ಮೊದಲ ಐದು ಪುಟ್ಟ ಸಂಭಾಷಣೆಗಳನ್ನು ಒಂದೇ ಸಲ ಹಾಕುತ್ತಾರೆ. ಉಳಿದವನ್ನು ಎರಡೆರಡು ಸಲ. ಶುರುವಿನಲ್ಲಿ ಒಂದು ಮಾದರಿ ಪ್ರಶ್ನೆ ಇರುತ್ತದೆ. ಅಂಗಿಯ ಬೆಲೆ ಎಷ್ಟು? ಎ, 19 ಪೌಂಡ್ 15 ಪೆನ್ಸ್. ಬಿ, 9 ಪೌಂಡ್ 18. ಸಿ, 9 ಪೌಂಡ್ 15. ಆಮೇಲೆ ಧ್ವನಿಯೇ ಉತ್ತರವನ್ನೂ ಹೇಳಿಕೊಡುತ್ತದೆ: ಅಂಗಿಯ ಬೆಲೆ 9 ಪೌಂಡ್ 15 ಪೆನ್ಸ್, ಹಾಗಾಗಿ ನೀವು ಸಿ ಆರಿಸಬೇಕು. ಎಷ್ಟೋ ವರ್ಷಗಳಿಂದ ಅದೇ ಅಂಗಿ. ಇವತ್ತು ಮೂವತ್ತರ ಆಸುಪಾಸಿನಲ್ಲಿರುವ ಚೀನಿಯರ ಮುಂದೆ ‘ಅಂಗಿ ಎಷ್ಟು’ ಅಂತ ಕೇಳಿ ನೋಡಿ, ನಕ್ಕುಬಿಡುತ್ತಾರೆ.

ನನಗೆ ಈ ಅಂಗಿಯ ಪರಿಚಯ ಮಾಡಿಸಿದ್ದು ಪಕ್ಕದ ಮನೆ ಹುಡುಗಿ. ಇಂಗ್ಲಿಷ್ ಟೀಚರ್ ಇಟ್ಟ ಹೆಸರು ಸಿಂಡಿ. ನನ್ನನ್ನು ಅವಳು ‘ಆಯೀ’ ಅನ್ನುತ್ತಿದ್ದಳು. ಚೀನಿಯಲ್ಲಿ ಹಾಗಂದರೆ ಆಂಟಿ. ನಾನು ಧಾರವಾಡದವಳು, ನಮ್ಮಲ್ಲಿ ಆಯಿ ಅಂದರೆ ಅಜ್ಜಿ! ನಲವತ್ತೆರಡಕ್ಕೇ ಅಜ್ಜಿಯಾಗಿಬಿಟ್ಟೆ. ಅವಳಮ್ಮ ಒಂದು ದಿನ ಅವಳ ಜೊತೆ ಹಣ್ಣಿನ ಬುಟ್ಟಿ ಹಿಡಿದು ಬಂದರು. ಹುಡುಗಿಗೆ ಇಂಗ್ಲಿಷ್ ಹೇಳಿಕೊಡಬೇಕಂತೆ. ಭಾರತದವರೆಲ್ಲ ಇಂಗ್ಲಿಷ್ ಅರೆದು ಕುಡಿದವರು ಅನ್ನುವುದು ಅವರ ನಂಬಿಕೆ. ನಾನೂ ಅದನ್ನು ಕೆಡಿಸಲು ಹೋಗಲಿಲ್ಲ.

ಮೊದಲು ಪರೀಕ್ಷೆ ಹೇಗಿದೆ ನೋಡೋಣ ಅಂತ ಅವಳ ಜೊತೆ ನಾನೂ ಒಂದು ಹಳೇ ಪೇಪರಿಗೆ ಕೂತೆ. ಕೇಳುವುದರಲ್ಲಿ ನನಗೆ ಇಪ್ಪತ್ತಕ್ಕೆ 17 ಸರಿ. ಅವಳಿಗೆ 14. ಸರಿ, ಆಯಿಯ ಮಾನ ಉಳಿಯಿತು. ಆಮೇಲೆ ಓದುವ ಭಾಗ. ನಾಲ್ಕು ಗದ್ಯಭಾಗ, 15 ಪ್ರಶ್ನೆ. ಜೊತೆಗೆ ಐದು ಖಾಲಿ ಜಾಗಕ್ಕೆ ಏಳು ವಾಕ್ಯಗಳಲ್ಲಿ ಐದನ್ನು ಹೊಂದಿಸುವುದು. ಪ್ರತಿಯೊಂದಕ್ಕೂ ಎರಡೂವರೆ ಅಂಕ, ಒಟ್ಟು 50. ನನಗೆ 17 ಸರಿ, ಅವಳಿಗೆ 18. ಮಾನ ಅಲ್ಲಿಗೇ ಹೋಯಿತು.

ಇಂಗ್ಲಿಷ್ ಓದುವುದರಲ್ಲಿ ನನ್ನನ್ನೇ ಮೀರಿಸಿದ ಹುಡುಗಿ ಲಿಫ್ಟಿನಲ್ಲಿ ಸಿಕ್ಕಾಗ ನಾನು ‘ಇಷ್ಟು ಹೊತ್ತಿಗೆ ಎಲ್ಲಿಗೆ ಹೊರಟೆ’ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಮಿಕಮಿಕ ನೋಡುತ್ತಿದ್ದಳು. ಇದಕ್ಕೆ ಅವರಲ್ಲಿ ಹೆಸರೇ ಇದೆ, ಯಾಬಾ ಇಂಗ್ಲಿಷ್. ಮೂಗ ಇಂಗ್ಲಿಷ್ ಅಂತ ಅರ್ಥ. ನನ್ನ ಕೇಳಿದರೆ ಬಾಯಿಗಿಂತ ಕಿವಿಯ ತೊಂದರೆಯೇ ಜಾಸ್ತಿ.

ಅವಳು ಪದ ಕಲಿಯುವ ರೀತಿ ನೋಡಿದಾಗ ಗೊತ್ತಾಯಿತು. ಹೈಸ್ಕೂಲು ಮುಗಿಯುವಷ್ಟರಲ್ಲಿ ಮೂರು, ಮೂರೂವರೆ ಸಾವಿರ ಪದ ಬರಬೇಕು. ಅದಕ್ಕೊಂದು ಪದಪಟ್ಟಿಯ ಪುಸ್ತಕ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಚೀನಿ. ಬೆಳಗ್ಗೆ ಕ್ಲಾಸಿನಲ್ಲಿ ಎಲ್ಲರೂ ಗಟ್ಟಿಯಾಗಿ ಓದುತ್ತಾರೆ, ಆದರೆ ನಲವತ್ತು ಮಕ್ಕಳ ಗದ್ದಲದಲ್ಲಿ ಯಾರ ಉಚ್ಚಾರ ಯಾರಿಗೆ ಕೇಳಬೇಕು? ಸಿಂಡಿಗೆ ಪದ ಅಂದರೆ ಒಂದು ಆಕಾರ. ಅವರ ಲಿಪಿಯೂ ಹಾಗೇ ಅಲ್ವಾ, ಅಕ್ಷರವನ್ನು ನೋಡಿದ ಮಾತ್ರಕ್ಕೆ ಅದನ್ನು ಹೇಗೆ ಅನ್ನಬೇಕೆಂದು ಖಚಿತವಾಗಿ ಗೊತ್ತಾಗುವುದಿಲ್ಲ. ನಮ್ಮದು ಉಲ್ಟಾ. ಬರೆದ ಹಾಗೆ ಓದುವ ಭಾಷೆಯವರು ನಾವು. ‘ವೆಡ್ನೆಸ್‌ಡೇ’ ಅಂತ ಎಷ್ಟು ವರ್ಷ ಹೇಳಿಕೊಂಡು ಓಡಾಡಿಲ್ಲ! ದಾರಿ ಬೇರೆ, ಬಂದು ಬಿದ್ದ ಹೊಂಡ ಒಂದೇ. ಕಣ್ಣಿಗೆ ಗೊತ್ತಿರುವ ಪದ ಕಿವಿಗೆ ಬಿದ್ದಾಗ ಗುರುತು ಸಿಗುವುದಿಲ್ಲ.

ಆದರೆ ಅವಳು ತಪ್ಪಿಸಿದ ಆರು ಪ್ರಶ್ನೆಗಳ ಕಥೆ ಇಷ್ಟೇ ಆಗಿರಲಿಲ್ಲ. ಸುಮ್ನೆ ಕುತೂಹಲಕ್ಕೆ ಒಂದು ಆಟ ಆಡಿದೆ. ಪ್ರಶ್ನೆಪತ್ರಿಕೆ ಮುಚ್ಚಿಟ್ಟು ಅದೇ ಆರು ಸಂಭಾಷಣೆ ಮತ್ತೆ ಹಾಕಿದೆ. ‘ಏನು ಮಾತಾಡಿಕೊಂಡರು, ನಿನ್ನ ಭಾಷೆಯಲ್ಲೇ ಹೇಳು’ ಅಂದೆ. ಅರ್ಧ ಚೀನಿ, ಅರ್ಧ ಇಂಗ್ಲಿಷು, ನಡುನಡುವೆ ಫೋನಿನ ಅನುವಾದ. ಆರರಲ್ಲಿ ನಾಲ್ಕನ್ನು ಚೆನ್ನಾಗಿಯೇ ಹೇಳಿದಳು. ಹಾಗಾದರೆ ತಪ್ಪಿದ್ದೆಲ್ಲಿ? ಆಯ್ಕೆಗಳನ್ನು ಓದುವುದರಲ್ಲಿ. ಧ್ವನಿ ಓಡುತ್ತಿರುತ್ತದೆ, ಕಣ್ಣು ಕಾಗದದ ಮೇಲೆ ಮೂರು ಇಂಗ್ಲಿಷ್ ವಾಕ್ಯ ಓದುತ್ತಿರುತ್ತದೆ. ಮೂರರಲ್ಲೂ ಇರುವ ಪದಗಳು ಧ್ವನಿಯಲ್ಲೂ ಬರುತ್ತವೆ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಅವಳದು ಎರಡೆರಡು ಸಲ ನೋಡಿ ನಿಧಾನವಾಗಿ ಓದುವ ಅಭ್ಯಾಸ. ಗದ್ಯಭಾಗಕ್ಕೆ ಅದು ಒಳ್ಳೆಯದೇ. ಇಲ್ಲಿ ಎರಡನೇ ಆಯ್ಕೆ ಓದುವಷ್ಟರಲ್ಲಿ ಮುಂದಿನ ಸಂಭಾಷಣೆ ಬಂದಿರುತ್ತದೆ.

ಅಂದರೆ ಕೇಳುವ ಪರೀಕ್ಷೆ ಅಂತ ಹೆಸರಿಟ್ಟು ಅರ್ಧ ಓದುವ ಪರೀಕ್ಷೆಯನ್ನೇ ಮಾಡುತ್ತಿದ್ದಾರೆ ಅಂತ ನನಗೆ ಆವತ್ತು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಓದುವ ಪರೀಕ್ಷೆಯಾದರೂ ಶುದ್ಧವಾಗಿ ಓದನ್ನೇ ಅಳೆಯುತ್ತದಾ? ಇನ್ನೊಂದು ಆಟ ಆಡಿದೆ. ಈ ಸಲ ನಾನೊಬ್ಬಳೇ. ಬೇರೊಂದು ಪೇಪರಿನ ಗದ್ಯಭಾಗಗಳನ್ನು ಪೂರ್ತಿ ಮುಚ್ಚಿ, ಬರೀ ಪ್ರಶ್ನೆ ಮತ್ತು ಆಯ್ಕೆ ನೋಡಿ ಹದಿನೈದಕ್ಕೂ ಉತ್ತರ ಹಾಕಿದೆ. ನಾಲ್ಕರಲ್ಲಿ ಒಂದು ಅಂತ ಕಣ್ಮುಚ್ಚಿ ಹಾಕಿದರೆ ಮೂರೋ ನಾಲ್ಕೋ ಸರಿಯಾಗಬೇಕು. ನನಗೆ 6 ಸರಿಯಾದವು. ವಿಜ್ಞಾನದ ಗದ್ಯವಾದರೆ ‘ಇನ್ನೂ ಸಂಶೋಧನೆ ಬೇಕು’ ಅನ್ನುವ ಧಾಟಿಯ ಉತ್ತರ, ಬದುಕಿನ ಕಥೆಯಾದರೆ ಒಳ್ಳೆಯ ಗುಣ ಹೇಳುವ ಉತ್ತರ. ಒಂದಕ್ಷರ ಓದದೆ 15 ಅಂಕ! ಸಿಂಡಿಗೆ ಹೇಳಿದರೆ ಅವಳಿಗೇನೂ ಆಶ್ಚರ್ಯ ಆಗಲಿಲ್ಲ. ಅವರ ಶಾಲೆಯ ಮಕ್ಕಳಲ್ಲಿ ಇದಕ್ಕೆ ಪದ್ಯವೇ ಇದೆಯಂತೆ: ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದು ಹಾಕು, ಮೂರು ಗಿಡ್ಡ ಒಂದು ಉದ್ದ ಇದ್ದರೆ ಉದ್ದದ್ದು ಹಾಕು. ನಾವು ಪಿಯುಸಿಯಲ್ಲಿ ‘ಗೊತ್ತಿಲ್ಲದಿದ್ದರೆ ಸಿ ಹಾಕು’ ಅನ್ನುತ್ತಿದ್ದೆವು. ದೇಶ ಯಾವುದಾದರೇನು ಬಿಡಿ.

ಕೇಳುವ ಭಾಗದಲ್ಲಿ ಆಯ್ಕೆ ಮೂರೇ. ಅಲ್ಲಿ ಕಿವುಡನಾಗಿ ಕೂತರೂ ಸರಾಸರಿ ಹತ್ತು ಅಂಕ ಬರಬೇಕು, ಲೆಕ್ಕ ಹಾಕಿ ನೋಡಿ.

ನಮ್ಮ ಕೆಳಗಡೆ ನೂಡಲ್ಸ್ ಅಂಗಡಿ ಇತ್ತು. ಆ ಅಂಗಡಿಯವರ ಮಗನೂ ಅದೇ ವರ್ಷದವನು. ರಾತ್ರಿಯೆಲ್ಲ ಅಮೆರಿಕದ ಬ್ಯಾಸ್ಕೆಟ್‌ಬಾಲ್ ನೋಡುವ ಹುಡುಗ, ಕಾಮೆಂಟರಿ ಇಂಗ್ಲಿಷಿನಲ್ಲೇ ಬೇಕು. ನನ್ನ ಜೊತೆ ಪಟಪಟ ಮಾತಾಡುತ್ತಿದ್ದ. ಒಂದು ಅಣಕು ಪರೀಕ್ಷೆಯಲ್ಲಿ ಅವನಿಗೆ ಕೇಳುವುದರಲ್ಲಿ 28.5, ಓದುವುದರಲ್ಲಿ 37.5. ಅದೇ ಪರೀಕ್ಷೆಯಲ್ಲಿ ಸಿಂಡಿಗೆ 21 ಮತ್ತು 45. ಕೂಡಿಸಿ ನೋಡಿ. ಇಬ್ಬರಿಗೂ 66. ನನಗೆ ಸಿಟ್ಟು ಬರುವುದು ಇಲ್ಲಿ. ಒಬ್ಬನಿಗೆ ಕಿವಿ ಇದೆ, ಒಬ್ಬಳಿಗೆ ಕಣ್ಣಿದೆ. ಇಬ್ಬರಿಗೂ ಬೇಕಾದ ಪಾಠ ಬೇರೆಬೇರೆ. ಆದರೆ ಗಾವ್‌ಕಾವ್ ಮುಗಿದ ಮೇಲೆ ಕೈಗೆ ಸಿಗುವುದು ಇಂಗ್ಲಿಷಿಗೆ ಒಂದೇ ಒಂದು ಸಂಖ್ಯೆ. ಯೂನಿವರ್ಸಿಟಿಗೂ ಅದೇ ಸಂಖ್ಯೆ. ಒಳಗೆ ಯಾವುದು ಎಷ್ಟು ಅಂತ ಯಾರೂ ನೋಡುವುದಿಲ್ಲ. ಎರಡು ಕೌಶಲವನ್ನು ಬೇರೆಬೇರೆ ಪರೀಕ್ಷೆ ಮಾಡಿ ಕೊನೆಗೆ ಸಾರಿಗೆ ಮಜ್ಜಿಗೆ ಸುರಿದ ಹಾಗೆ ಕಲಸಿ ಕೊಟ್ಟರೆ ಏನು ಬಂತು?

ಹಾಗಂತ ಒಳಗಿನ ಅಂಕಕ್ಕೆ ಕೈ ಹಾಕುವುದೂ ಸುಲಭವಲ್ಲ. ನೆರೆಯ ಝೆಜಿಯಾಂಗ್ ಪ್ರಾಂತ್ಯದಲ್ಲಿ ಇಂಗ್ಲಿಷ್ ಪರೀಕ್ಷೆ ವರ್ಷಕ್ಕೆ ಎರಡು ಸಲ, ಒಳ್ಳೆಯ ಅಂಕ ಇಟ್ಟುಕೊಳ್ಳಬಹುದು. 2018ರ ನವೆಂಬರಿನ ಪೇಪರ್ ಕಷ್ಟವಾಯಿತು ಅಂತ ಅಲ್ಲಿನ ಪರೀಕ್ಷಾ ಅಧಿಕಾರಿಗಳು ಓದುವ ಭಾಗ ಮತ್ತು ಭಾಷಾ ಬಳಕೆಯ ಭಾಗದ ಕೆಲವು ಪ್ರಶ್ನೆಗಳಿಗೆ ತೂಕ ಹೆಚ್ಚಿಸಿ ಅಂಕ ಕೊಟ್ಟರು. ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ಆಟ ಮುಗಿದ ಮೇಲೆ ನಿಯಮ ಬದಲಿಸಿದರೆ ಯಾರು ಸುಮ್ಮನಿರುತ್ತಾರೆ? ಕೇಳುವುದರಲ್ಲಿ ಚೆನ್ನಾಗಿ ಮಾಡಿದವರಿಗೆ ಏನೂ ಇಲ್ಲ, ಓದುವುದರಲ್ಲಿ ಮಾಡಿದವರಿಗೆ ಮಾತ್ರ ಲಾಭ. ಪೋಷಕರು ತಿರುಗಿಬಿದ್ದರು. ಪ್ರಾಂತ್ಯದ ಸರ್ಕಾರ ತನಿಖೆ ಮಾಡಿ, ಡಿಸೆಂಬರ್ 5ರಂದು ಆ ಅಂಕಗಳನ್ನೆಲ್ಲ ರದ್ದು ಮಾಡಿ, ಮೂಲ ಅಂಕಗಳನ್ನೇ ವಾಪಸ್ ಕೊಟ್ಟಿತು. ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರು ಕುರ್ಚಿ ಬಿಡಬೇಕಾಯಿತು. ನಾನು ಸುಝೌಗೆ ಹೋದ ವರ್ಷವೇ ಇದು ನಡೆದದ್ದು. ನಮ್ಮ ಕಟ್ಟಡದ ಹೆಂಗಸರು ತಿಂಗಳುಗಟ್ಟಲೆ ಅದನ್ನೇ ಮಾತಾಡಿದರು.

ಇಷ್ಟೆಲ್ಲ ಬೈದ ಮೇಲೂ ಒಂದು ಮಾತು ಒಪ್ಪಲೇಬೇಕು. ಅವರು ಕಿವಿಯನ್ನು ಪರೀಕ್ಷೆಗೆ ತಂದರು. 1977ರಲ್ಲಿ ಗಾವ್‌ಕಾವ್ ಮತ್ತೆ ಶುರುವಾದಾಗ ವಿದೇಶಿ ಭಾಷೆಗೆ ಅಂತಹ ಬೆಲೆ ಇರಲಿಲ್ಲ. ಮೆಲ್ಲಗೆ ಅದರ ಪಾಲು ಏರಿಸುತ್ತ ಹೋಗಿ 1983ಕ್ಕೆ ಪೂರ್ತಿ ಅಂಕ ಲೆಕ್ಕಕ್ಕೆ ಬಂತು. 1985ರಲ್ಲಿ ಗುವಾಂಗ್‌ಡಾಂಗ್‌ನಲ್ಲಿ ಗ್ವೀ ಶಿಚುನ್, ಲೀ ಶಿಯಾವ್‌ಜು ತರಹದ ಇಂಗ್ಲಿಷ್ ಪ್ರಾಧ್ಯಾಪಕರು ಹೊಸ ಬಗೆಯ ಇಂಗ್ಲಿಷ್ ಪೇಪರ್ ತಂದರು. ವ್ಯಾಕರಣದ ನಿಯಮ ಬಾಯಿಪಾಠ ಮಾಡಿಸುವ ಮೇಷ್ಟ್ರುಗಳನ್ನು ಬದಲಿಸಬೇಕಾದರೆ ಮೊದಲು ಪ್ರಶ್ನೆಪತ್ರಿಕೆ ಬದಲಿಸಿ ಅನ್ನುವುದು ಅವರ ಲೆಕ್ಕ. ಲೆಕ್ಕ ಅರ್ಧವಾದರೂ ಹಿಡಿಯಿತು. ಕೇಳುವುದಕ್ಕೆ ಅಂಕ ಬಂದ ಮೇಲೆ ಹಳ್ಳಿಯ ಶಾಲೆಯೂ ಟೇಪ್ ರೆಕಾರ್ಡರ್ ಹುಡುಕಲೇಬೇಕಾಯಿತು. ಈಗ ಬೀಜಿಂಗ್ ಇನ್ನೂ ಮುಂದೆ ಹೋಗಿದೆ. 2021ರಿಂದ ಅಲ್ಲಿ ಕೇಳುವುದು, ಮಾತಾಡುವುದು ಸೇರಿಸಿ 50 ಅಂಕಕ್ಕೆ ಕಂಪ್ಯೂಟರ್ ಮುಂದೆ ಪರೀಕ್ಷೆ, ವರ್ಷಕ್ಕೆ ಎರಡು ಅವಕಾಶ. ದೊಡ್ಡ ಊರಿನ ಮಕ್ಕಳಿಗೆ ಹೆಡ್‌ಫೋನು, ಮೈಕು ಹೊಸದಲ್ಲ. ಪಶ್ಚಿಮದ ಬೆಟ್ಟದ ಊರುಗಳಲ್ಲೂ ಇದನ್ನೇ ತಂದರೆ ಅದು ಇಂಗ್ಲಿಷ್ ಪರೀಕ್ಷೆಯೋ ಊರಿನ ಪರೀಕ್ಷೆಯೋ ಅಂತ ಕೇಳಬೇಕಾಗುತ್ತದೆ.

ನಮ್ಮ ಎಸ್‌ಎಸ್‌ಎಲ್‌ಸಿ ಬೋರ್ಡ್ ಪೇಪರಿನಲ್ಲಿ ಇಂಗ್ಲಿಷಿಗೆ ಕಿವಿಯೇ ಇಲ್ಲ. ನಾನು ಕನ್ನಡ ಮಾಧ್ಯಮದವಳು. ಪದ್ಯದ ಸಾರಾಂಶ ಬಾಯಿಪಾಠ ಮಾಡಿ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ತೆಗೆದೆ. ಬೆಂಗಳೂರಲ್ಲಿ ಮೊದಲ ಕೆಲಸ, ಮೊದಲ ಅಮೆರಿಕದ ಕಾಲ್. ಆ ಮನುಷ್ಯ ಐದು ನಿಮಿಷ ಮಾತಾಡಿದ. ನಾನು ಎಸ್ ಎಸ್ ಅಂದೆ. ಫೋನ್ ಇಟ್ಟ ಮೇಲೆ ಮ್ಯಾನೇಜರ್ ಕೇಳಿದರು, ‘ಏನಂದ್ರು?’ ಒಂದಕ್ಷರ ಗೊತ್ತಿರಲಿಲ್ಲ. ಅದನ್ನೇ ಅವನು ಇಮೇಲಿನಲ್ಲಿ ಬರೆದು ಕಳಿಸಿದಾಗ ನನಗೆ ಗೊತ್ತಿಲ್ಲದ ಪದ ಅದರಲ್ಲಿ ಒಂದೂ ಇರಲಿಲ್ಲ! ಸಿಂಡಿ ಲಿಫ್ಟಿನಲ್ಲಿ ಮಿಕಮಿಕ ನೋಡುವಾಗ ನನಗೆ ನಗು ಬಾರದೆ ಇದ್ದದ್ದಕ್ಕೆ ಇದೇ ಕಾರಣ.

ನನ್ನ ಕೈಗೆ ಕೊಟ್ಟರೆ ಕೇಳುವ ಪರೀಕ್ಷೆಯ ಆಯ್ಕೆಗಳನ್ನು ಚಿತ್ರದಲ್ಲಿ ಕೊಡುತ್ತಿದ್ದೆ, ಇಲ್ಲವೇ ಚೀನಿಯಲ್ಲೇ ಅಚ್ಚು ಹಾಕಿಸುತ್ತಿದ್ದೆ. ಅಂಗಿಯ ಬೆಲೆ ತಿಳಿಯಿತೋ ಇಲ್ಲವೋ ನೋಡಬೇಕಿರುವಾಗ ಇನ್ನೂ ಮೂರು ಇಂಗ್ಲಿಷ್ ವಾಕ್ಯ ಯಾಕೆ ಓದಿಸಬೇಕು? ಮತ್ತೆ ಅಂಕಪಟ್ಟಿಯಲ್ಲಿ ಎರಡನ್ನೂ ಬೇರೆಬೇರೆ ತೋರಿಸುತ್ತಿದ್ದೆ. ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ. ಸಿಂಡಿಯ ಟೀಚರಿಗೆ ಇದನ್ನು ಹೇಳಿದಾಗ ಅವರು ನಕ್ಕು, ‘ಆಯ್ಕೆಗಳನ್ನು ಬೇಗ ಓದುವುದನ್ನು ಕಲಿಸಿ, ಅಷ್ಟು ಸಾಕು’ ಅಂದರು. ಕೊನೆಗೆ ನಾನು ಕಲಿಸಿದ್ದೂ ಅದನ್ನೇ. ಸೂಚನೆಗಳು, ಅಂಗಿಯ ಪುರಾಣ ಎಲ್ಲ ಓಡುತ್ತಿರುವಾಗಲೇ ಮುಂದಿನ ಆಯ್ಕೆಗಳನ್ನು ಓದಿ ಮುಗಿಸು, ಪ್ರತಿಯೊಂದರಲ್ಲಿ ಒಂದು ಪದಕ್ಕೆ ಗೆರೆ ಎಳೆ, ಧ್ವನಿ ಶುರುವಾದ ಮೇಲೆ ಕಾಗದ ನೋಡಬೇಡ. ಜೊತೆಗೆ ಸಂಜೆ ಕೆರೆ ಸುತ್ತ ನಡೆಯುತ್ತ ಪದಪಟ್ಟಿಯ ಪದಗಳನ್ನು ನಾನು ಹೇಳುವುದು, ಅವಳು ಪುಸ್ತಕ ನೋಡದೆ ಅರ್ಥ ಹೇಳುವುದು. ಎರಡನೆಯದು ನನ್ನ ಖುಷಿಗೆ. ಮೊದಲನೆಯದು ಅಂಕಕ್ಕೆ.

2022ರ ಜೂನಿನಲ್ಲಿ ಪರೀಕ್ಷೆ ಬರೆದಳು. ಹೊರಗೆ ಬಂದು, ಕೇಳುವುದರಲ್ಲಿ ಎರಡೇ ಡೌಟು ಅಂದಳು.

ಇದನ್ನು ಬರೆಯುವಷ್ಟರಲ್ಲಿ ಎರಡೂವರೆ ದಾಟಿತು. ಅಲ್ಲಿ ಐದು, ಪೇಪರ್ ಮುಗಿದಿದೆ. ನಮ್ಮಲ್ಲಿ ವೀಚ್ಯಾಟ್ ಇಲ್ಲ, ಅವರಲ್ಲಿ ವಾಟ್ಸಾಪ್ ಇಲ್ಲ, ಫೇಸ್‌ಬುಕ್ ಅಂತೂ ಇಲ್ಲವೇ ಇಲ್ಲ, ಹಾಗಾಗಿ ಸಿಂಡಿ ನನಗೆ ಇಮೇಲ್ ಮಾಡುತ್ತಾಳೆ. ಈಗಷ್ಟೇ ಒಂದು ಬಂತು. ಈ ವರ್ಷ ಅವಳ ಚಿಕ್ಕಪ್ಪನ ಮಗನ ಸರದಿ. ಓದುವ ಭಾಗದ ಕೊನೆಯ ಗದ್ಯ ಅರ್ಥವೇ ಆಗಲಿಲ್ಲ ಅಂತ ಗೇಟಿನ ಹತ್ತಿರ ಅಳುತ್ತಿದ್ದಾನಂತೆ, ಏನಾದರೂ ಸಮಾಧಾನ ಬರೆಯಿರಿ ಆಯೀ ಅಂದಿದ್ದಾಳೆ. ಏನು ಬರೆಯಲಿ? ಅಂಗಿ ಎಷ್ಟಂತೆ ಕೇಳು ಅಂತ ಬರೆದಿದ್ದೇನೆ.